ಗ್ಲ್ಯಾಡಿಸ್ ಎಂಬ ಅಂಕಿತನಾಮ

ಪ್ರೀತಿಯ ಗೆಳೆಯ,

ನೀನು ಕಳುಹಿಸಿದ ಧ್ವನಿಸಂದೇಶವನ್ನು ಎರಡು ಸಲ ಕೇಳಬೇಕಾಯಿತು. ಮೊದಲ ಸಲ ಮಗುವಿನ ಅಳುವಿನ ನಡುವೆ ನಿನ್ನ ಮಾತು ಒಂದೂ ಕಿವಿಗೆ ಬೀಳಲಿಲ್ಲ. ಹನ್ನೆರಡು ವರ್ಷ ಕಾದ ಮೇಲೆ ಹುಟ್ಟಿದ ಮಗಳಿಗೆ ಮನೆಯ ರೂಢಿಯಂತೆ, ನಮ್ಮ ಕನ್ನಡ ಟೀಚರಾಗಿದ್ದ ನಿನ್ನ ತಾಯಿಯ ಹೆಸರನ್ನೇ ಇಡಬೇಕೆಂಬುದು ನಿನ್ನ ಆಸೆ. ಆ ಹೆಸರು ತೀರಾ ಹಳೆಯ ಕಾಲದ್ದಾಯಿತು, ನಾಳೆ ಶಾಲೆಯಲ್ಲಿ ಮಕ್ಕಳು ನಗುತ್ತಾರೆ ಎಂಬುದು ನಿನ್ನ ಹೆಂಡತಿಯ ಅಳುಕು. ಅರ್ಥ ಚೆನ್ನಾಗಿದ್ದರೆ ಒಪ್ಪುತ್ತೇನೆ ಎಂದು ಕೊನೆಗೆ ಅವರು ಹೇಳಿದ್ದಾರಂತೆ. ಗ್ಲ್ಯಾಡಿಸ್ ಎಂಬುದು ವೇಲ್ಸ್ ನಾಡಿನ ಹೆಸರೆಂದು ನಿಮ್ಮ ಇಗರ್ಜಿಯ ಪಾದ್ರಿಗಳು ತಿಳಿಸಿದ್ದಾರೆ. ನಾನು ವೇಲ್ಸಿನಲ್ಲಿ ಕೂತಿದ್ದೇನೆ. ಆದ್ದರಿಂದ ಜ್ಞಾನಸ್ನಾನದ ದಿನಕ್ಕೆ ಮೊದಲು ಅರ್ಥ ಹುಡುಕಿ ಕೊಡುವ ಹೊಣೆ ನನ್ನ ತಲೆಯ ಮೇಲೆ ಬಿದ್ದಿದೆ.

ಈ ಪತ್ರವನ್ನು ನಿನಗೊಬ್ಬನಿಗೇ ಕಳುಹಿಸಬಹುದಿತ್ತು. ನಾಲ್ಕು ಜನ ಓದುವ ಕಡೆ ಹಾಕುತ್ತಿರುವುದಕ್ಕೆ ಒಂದು ಕಾರಣವಿದೆ, ಅದು ಮುಂದೆ ತಾನಾಗಿಯೇ ತಿಳಿಯುತ್ತದೆ. ನಮ್ಮ ತರಗತಿಯವರು ಓದುತ್ತಾರೆಂದು ನನಗೆ ಗೊತ್ತು. ಹಲಸಿನ ಹಣ್ಣಿನ ಪ್ರಕರಣವನ್ನು ನಾನು ಇಲ್ಲಿ ಎತ್ತುವುದಿಲ್ಲ. ಎಲ್ಲರೂ ನಿಶ್ಚಿಂತೆಯಿಂದ ಓದಬಹುದು.

ಮೊದಲು ಹೆಸರಿನ ಉಚ್ಚಾರವನ್ನೇ ತೆಗೆದುಕೊಳ್ಳೋಣ. ನಾವು ಗ್ಲ್ಯಾಡಿಸ್ ಎನ್ನುತ್ತೇವೆ. ಇಂಗ್ಲಿಷರೂ ಹಾಗೆಯೇ ಎನ್ನುತ್ತಾರೆ. ವೆಲ್ಷ್ ಭಾಷೆಯಲ್ಲಿ ಅದು ಗ್ವ್ಲಾದಿಸ್. ನನ್ನ ಜೊತೆಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರ ಮನೆಮಾತು ವೆಲ್ಷ್. ಅವರನ್ನು ಕೇಳಿದಾಗ ಚಹಾದ ಲೋಟವನ್ನು ಕೆಳಗಿಟ್ಟು, ತಮ್ಮ ಅಜ್ಜಿಯ ತಂಗಿಯೊಬ್ಬರಿಗೆ ಆ ಹೆಸರಿತ್ತೆಂದು ಹೇಳಿ, ‘ಆಂಟಿ ಗ್ವ್ಲಾದಿಸ್’ ಎಂದು ಎರಡು ಸಲ ಉಚ್ಚರಿಸಿ ತೋರಿಸಿದರು. ಇಲ್ಲಿಯೂ ಆಂಟಿ ಎಂದೇ ಕರೆಯುವುದನ್ನು ಕೇಳಿ ನನಗೆ ನಿಮ್ಮ ಕೇರಿಯೇ ಕಣ್ಣ ಮುಂದೆ ಬಂದಿತು. ಗಕಾರ, ವಕಾರ, ಲಕಾರ ಮೂರನ್ನೂ ನಡುವೆ ಸ್ವರ ನುಸುಳಲು ಬಿಡದೆ ಒಂದೇ ಉಸಿರಿನಲ್ಲಿ ಅವರು ಹೊರಡಿಸಿದರು. ಇಂಗ್ಲಿಷ್ ನಾಲಿಗೆಗೆ ಇದು ಒಗ್ಗದ ಕಾರಣ ನಡುವಿನ ವಕಾರ ಉದುರಿಹೋಗಿ ಗ್ಲ್ಯಾಡಿಸ್ ಉಳಿಯಿತು. ಅವರ ಲಿಪಿಯಲ್ಲಿ ಆ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಬೇಕು. ನಮ್ಮ ಲಿಪಿಯಲ್ಲಾದರೆ ಗಕಾರಕ್ಕೆ ವಕಾರದ ಒತ್ತು, ಅದರ ಪಕ್ಕಕ್ಕೆ ಲಕಾರದ ಒತ್ತು, ಮೇಲೊಂದು ದೀರ್ಘ ಕೊಟ್ಟರೆ ಮುಗಿಯಿತು. ‘ಸ್ತ್ರೀ’ ಎಂದು ಬರೆಯಲು ಬಂದವನಿಗೆ ಪ್ರಪಂಚದ ಯಾವ ಹೆಸರೂ ಕಷ್ಟವಲ್ಲ ಎಂದು ಟೀಚರ್ ಹೇಳುತ್ತಿದ್ದುದು ನಿನಗೆ ನೆನಪಿದೆಯಲ್ಲವೇ? ತಮ್ಮ ಹೆಸರಿನಿಂದ ಇಂಗ್ಲಿಷರು ಬಿಟ್ಟುಬಿಟ್ಟ ಅಕ್ಷರವನ್ನು ಕನ್ನಡದ ಒತ್ತಕ್ಷರ ಉಳಿಸಿಕೊಳ್ಳಬಲ್ಲದೆಂದು ಅವರಿಗೆ ತಿಳಿದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ.

ಈಗ ಅರ್ಥ. ವೆಲ್ಷ್ ಭಾಷೆಯಲ್ಲಿ ‘ಗ್ವ್ಲಾದ್’ ಎಂದರೆ ನಾಡು, ದೇಶ. ‘ಗ್ವ್ಲೇದಿಗ್’ ಎಂದರೆ ನಾಡನ್ನು ಆಳುವವನು. ಹಳೆಯ ವೆಲ್ಷ್ ಕಥೆಗಳಲ್ಲಿ ಅರಸರ ಹೆಸರಿನ ಜೊತೆಗೆ ಈ ಬಿರುದು ಬರುತ್ತದೆ. ಗ್ವ್ಲಾದಿಸ್ ಎಂಬ ಹೆಸರು ಈ ಪದಗಳ ಬಳಗಕ್ಕೆ ಸೇರಿದ್ದು, ಅದರ ಅರ್ಥ ‘ನಾಡನ್ನಾಳುವವಳು’ ಎಂಬ ಅಭಿಪ್ರಾಯವಿದೆ. ಇಲ್ಲಿಗೆ ಬಂದು ಹನ್ನೊಂದು ವರ್ಷವಾದರೂ ಈ ಸಂಬಂಧ ನನಗೆ ಹೊಳೆದಿರಲಿಲ್ಲ. ವೇಲ್ಸಿನ ನಾಡಗೀತೆಯನ್ನು 1856ರಲ್ಲಿ ಪಾಂಟಿಪ್ರಿದ್ ಊರಿನ ತಂದೆ ಮಗ ಇಬ್ಬರು, ಇವಾನ್ ಜೇಮ್ಸ್ ಮತ್ತು ಜೇಮ್ಸ್ ಜೇಮ್ಸ್, ಪದ ಮತ್ತು ರಾಗ ಹಂಚಿಕೊಂಡು ಕಟ್ಟಿದರು. ಅದರ ಪಲ್ಲವಿ ಶುರುವಾಗುವುದೇ ‘ಗ್ವ್ಲಾದ್’ ಎಂಬ ಪದವನ್ನು ಎರಡು ಸಲ ಕೂಗುವುದರಿಂದ. ರಗ್ಬಿ ಪಂದ್ಯದ ದಿನ ಕಾರ್ಡಿಫ್ ನಗರದ ಕ್ರೀಡಾಂಗಣದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಆ ಪದವನ್ನು ಕೂಗುವಾಗ, ಬೀದಿಯಲ್ಲಿ ನಿಂತವರ ಎದೆಯೂ ನಡುಗುತ್ತದೆ. ನಿನ್ನ ತಾಯಿಯ ಹೆಸರಿನ ಅರ್ಧವನ್ನು ಇಷ್ಟು ವರ್ಷ ಇಷ್ಟು ಜನರ ಬಾಯಲ್ಲಿ ಕೇಳುತ್ತ ಬಂದಿದ್ದೇನೆ, ತಿಳಿಯದೆ.

ಆ ಗೀತೆಯ ಹೆಸರಿನಲ್ಲಿ ಮಾತ್ರ ಅದೇ ಪದ ‘ವ್ಲಾದ್’ ಆಗಿದೆ. ‘ಹೇನ್’ ಎಂದರೆ ಹಳೆಯ. ಹೇನ್ ಮತ್ತು ಗ್ವ್ಲಾದ್ ಸೇರಿದರೆ ‘ಹೇನ್ ವ್ಲಾದ್’, ಹಳೆಯ ನಾಡು. ಗಕಾರ ಎಲ್ಲಿ ಹೋಯಿತೆಂದು ಆ ಹಿರಿಯರನ್ನು ಕೇಳಿದೆ. ಅವರು ಒಂದು ಕಾಗದದ ಮೇಲೆ ವೆಲ್ಷ್ ವ್ಯಾಕರಣದ ನಿಯಮವನ್ನು ಬರೆದು ಕೊಟ್ಟಾಗ ನಾನು ಬೆರಗಾಗಿ ಕೂತೆ. ಕೆಲವು ಪದಗಳ ನಂತರ ಬರುವ ಪದದ ಮೊದಲ ಅಕ್ಷರ ಕಕಾರವಾಗಿದ್ದರೆ ಗಕಾರ, ತಕಾರವಾಗಿದ್ದರೆ ದಕಾರ, ಪಕಾರವಾಗಿದ್ದರೆ ಬಕಾರ. ಮಾರಾಯ, ಇದು ನಮ್ಮ ಆದೇಶ ಸಂಧಿ! ಮಳೆಗಾಲ, ಬೆಟ್ಟದಾವರೆ, ಕಂಬನಿ ಎಂದು ಟೀಚರ್ ಮೇಜು ತಟ್ಟುತ್ತ ಕಲಿಸಿದ ಅದೇ ಕ-ತ-ಪ, ಅದೇ ಗ-ದ-ಬ. ವೆಲ್ಷರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಕಾರವಿದ್ದರೆ ಅದನ್ನು ಪೂರ್ತಿ ಬಿಟ್ಟೇಬಿಡುತ್ತಾರೆ; ಹಾಗಾಗಿ ಗ್ವ್ಲಾದ್ ಹೋಗಿ ವ್ಲಾದ್. ತಮ್ಮ ನಾಡನ್ನು ಅವರು ‘ಕಮ್ರಿ’ ಎನ್ನುತ್ತಾರೆ. ಇಂಗ್ಲೆಂಡಿನಿಂದ ಸೇತುವೆ ದಾಟಿ ಬಂದರೆ ಸ್ವಾಗತದ ಫಲಕದ ಮೇಲೆ ‘ಕ್ರೋಯ್ಸೋ ಇ ಗಮ್ರಿ’ ಎಂದಿರುತ್ತದೆ. ಕನ್ನಡ ಎಂಬುದು ‘ಹಳಗನ್ನಡ’ ಎಂಬ ಪದದಲ್ಲಿ ಗನ್ನಡವಾಗುವಂತೆಯೇ ಇಲ್ಲಿ ಕಮ್ರಿ ಗಮ್ರಿಯಾಗಿದೆ. ಎರಡು ಭಾಷೆಗಳಿಗೂ ಯಾವ ರಕ್ತಸಂಬಂಧವೂ ಇಲ್ಲ, ನನಗೆ ಗೊತ್ತು. ಆದರೂ ಆ ಫಲಕದ ಕೆಳಗೆ ಹಾದುಹೋಗುವಾಗಲೆಲ್ಲ ಎಂಟನೆಯ ತರಗತಿಯ ಕಪ್ಪುಹಲಗೆ ನೆನಪಾಗುತ್ತದೆ.

ಹೆಸರಿನ ಮೂಲದವಳನ್ನು ನೋಡಿಕೊಂಡು ಬರೋಣವೆಂದು ಕಳೆದ ಭಾನುವಾರ ಗೆಲ್ಲಿಗೇರ್ ಬೆಟ್ಟಕ್ಕೆ ಹೋಗಿದ್ದೆ. ನಾನಿರುವಲ್ಲಿಂದ ಅದು ದೂರವಲ್ಲ. ಗೆಲ್ಲಿಗೇರ್ ಎಂಬ ಹೆಸರಿನಲ್ಲಿರುವ ‘ಗೇರ್’ ಎಂದರೆ ಕೋಟೆ, ಅದೂ ಆದೇಶವಾದ ರೂಪವೇ. ರೋಮನ್ನರು ಅಲ್ಲಿ ಕಟ್ಟಿದ ಕೋಟೆಯ ಕುರುಹು ಊರ ಪಕ್ಕದಲ್ಲಿದೆ. ಊರು ದಾಟಿ ಮೇಲೆ ಏರಿದರೆ ಮರಗಳೆಲ್ಲ ಮುಗಿದು ಬರೀ ಹುಲ್ಲುಗಾವಲು, ಕುರಿಗಳು, ಕಿವಿ ಕೊರೆಯುವ ಗಾಳಿ. ಆ ಬಯಲಿನ ನಡುವೆ ಕಾಪೆಲ್ ಗ್ವ್ಲಾದಿಸ್ ಎಂಬ ಜಾಗವಿದೆ, ಅಂದರೆ ಗ್ವ್ಲಾದಿಸಳ ಗುಡಿ. ಗುಡಿ ಈಗ ಇಲ್ಲ. ಗೋಡೆ ಇದ್ದ ಕಡೆ ನೆಲ ಮೊಣಕಾಲಿನಷ್ಟೂ ಎತ್ತರವಿಲ್ಲದ ದಿಣ್ಣೆಯಾಗಿ ಉಬ್ಬಿಕೊಂಡಿದೆ, ಅದರ ಮೇಲೂ ಹುಲ್ಲು ಬೆಳೆದಿದೆ. ಗುರುತಿಗೆಂದು ನಮ್ಮ ಕಾಲದವರು ನಿಲ್ಲಿಸಿದ ಒಂದು ಕಲ್ಲಿನ ಶಿಲುಬೆ ಇದೆ. ಅಲ್ಲಿದ್ದ ಹಳೆಯ ಕೆತ್ತನೆಯ ಕಲ್ಲನ್ನು ಕೆಳಗೆ ಊರಿನ ಇಗರ್ಜಿಯೊಳಗೆ ತಂದಿಟ್ಟಿದ್ದಾರೆ. ಶಿಲುಬೆಯ ಬುಡದಲ್ಲಿ ಗಾಳಿ ತಾಗದ ಕಡೆ ಒಂದು ಕುರಿ ಮಲಗಿತ್ತು. ನಾನು ಹತ್ತಿರ ಹೋದರೂ ಅದು ಏಳಲಿಲ್ಲ. ನಾನು ಇನ್ನೊಂದು ಬದಿಯಲ್ಲಿ ಕೂತೆ.

ಈ ಗ್ವ್ಲಾದಿಸ್ ಸಂತಳು. ಇಂದಿನ ಬ್ರೆಕನ್ ಸೀಮೆಯನ್ನು ಆಳುತ್ತಿದ್ದ ಬ್ರಖನ್ ಎಂಬ ಅರಸನ ಮಗಳೆಂದು ಹೇಳುತ್ತಾರೆ, ಕಾಲ ಕ್ರಿ.ಶ. ಐದು, ಆರನೆಯ ಶತಮಾನ. ಅವಳ ಮಗ ಕಾದೋಗ್ ಕೂಡ ಸಂತ. 1100ರ ಆಸುಪಾಸಿನಲ್ಲಿ ಲಿವ್ರಿಸ್ ಎಂಬ ಪಾದ್ರಿ ಲ್ಯಾಟಿನ್ನಿನಲ್ಲಿ ಬರೆದ ಕಾದೋಗನ ಚರಿತ್ರೆಯಲ್ಲಿ ತಾಯಿಯ ಮದುವೆಯ ಕಥೆ ಬರುತ್ತದೆ. ಪಕ್ಕದ ಸೀಮೆಯ ಅರಸ ಗ್ವಿನ್‌ಲಿವ್ ಅವಳನ್ನು ಕೇಳಿದ, ಬ್ರಖನ್ ಕೊಡಲಿಲ್ಲ, ಆತ ಮುನ್ನೂರು ಆಳುಗಳೊಂದಿಗೆ ಬಂದು ಅವಳನ್ನು ಹೊತ್ತುಕೊಂಡು ಹೊರಟ. ಬೆನ್ನ ಹಿಂದೆ ಬ್ರಖನ್ ದಂಡು ಕಟ್ಟಿಕೊಂಡು ಅಟ್ಟಿಸಿಕೊಂಡು ಬಂದ. ಇದೇ ಬೆಟ್ಟಸಾಲಿನ ಒಂದು ನೆತ್ತಿಯ ಮೇಲೆ ಅರಸ ಆರ್ಥರ್ ತನ್ನ ಇಬ್ಬರು ಬಂಟರಾದ ಕೈ ಮತ್ತು ಬೆದ್ವೀರ್ ಜೊತೆಗೆ ಪಗಡೆಯಾಡುತ್ತ ಕೂತಿದ್ದ. ಕುದುರೆಯ ಮೇಲಿದ್ದ ಹುಡುಗಿಯನ್ನು ಕಂಡೊಡನೆ ಅವಳು ತನಗೇ ಬೇಕೆಂದು ಆರ್ಥರನಿಗೆ ಅನ್ನಿಸಿತಂತೆ. ಕಷ್ಟದಲ್ಲಿರುವವರಿಗೆ ನೆರವಾಗುವುದು ನಮ್ಮ ಪದ್ಧತಿಯಲ್ಲವೇ ಎಂದು ಬಂಟರು ತಿದ್ದಿದ ಮೇಲೆ, ಅವರಿಬ್ಬರನ್ನೇ ಕಳುಹಿಸಿ ಒಂದು ಪ್ರಶ್ನೆ ಕೇಳಿಸಿದ: ನೀವು ನಿಂತಿರುವ ಈ ನೆಲ ಯಾರದು? ನನ್ನದು ಎಂದು ಗ್ವಿನ್‌ಲಿವ್ ಹೇಳಿದ. ಆರ್ಥರ್ ಅವನ ಪಕ್ಷ ವಹಿಸಿದ, ಬ್ರಖನ್ ಹಿಂದೆ ಸರಿದ, ಮದುವೆ ನಡೆಯಿತು.

ನೆಲ ಯಾರದೆಂದು ಕೇಳಿದವರು ಹುಡುಗಿಯ ಮನಸ್ಸೇನೆಂದು ಕೇಳಲಿಲ್ಲ. ನಾಡೆಂಬ ಪದವನ್ನೇ ಹೆಸರಲ್ಲಿ ಹೊತ್ತವಳ ಕಥೆಯಲ್ಲಿ ಅವಳ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಗಂಡ ಮೊದಲಿಗೆ ದರೋಡೆಕೋರನಂತೆ ಬದುಕಿದ. ಮುಂದೆ ಮಗ ಕಾದೋಗನೇ ಅವನ ಮನಸ್ಸು ತಿರುಗಿಸಿದ. ಕೊನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ತಪಸ್ವಿಗಳಂತೆ ಬದುಕಿದರು. ನ್ಯೂಪೋರ್ಟ್ ನಗರದ ಮುಖ್ಯ ಇಗರ್ಜಿ ಆ ಗ್ವಿನ್‌ಲಿವ್ ಹೆಸರಿನದೇ. ಇಂಗ್ಲಿಷ್ ಬಾಯಿಗೆ ಸಿಕ್ಕಿ ಅವನು ‘ವೂಲೋಸ್’ ಆಗಿದ್ದಾನೆ. ಗ್ವ್ಲಾದಿಸಳ ಹಬ್ಬ ಮಾರ್ಚ್ 29ಕ್ಕೆ ಬರುತ್ತದೆ. ಪಾದ್ರಿಗಳಿಗೆ ಇದನ್ನು ತಿಳಿಸು. ಹೆಸರಿಗೊಬ್ಬ ಸಂತಳಿದ್ದಾಳೆ ಎಂದರೆ ನಿನ್ನ ಹೆಂಡತಿಯ ಮನಸ್ಸು ಅರ್ಧ ಗೆದ್ದಂತೆಯೇ.

ರಾಜಮನೆತನದ ಹೆಗ್ಗಳಿಕೆ ಬೇಕಿದ್ದರೆ ಅದೂ ಇದೆ. ವೇಲ್ಸಿನ ಮಹಾ ಅರಸ ಲಿವೆಲಿನ್ ಎಂಬಾತನ ಮಗಳು ಗ್ವ್ಲಾದಿಸ್ 1251ರಲ್ಲಿ ತೀರಿಕೊಂಡಳು. ಅವಳನ್ನು ಗ್ವ್ಲಾದಿಸ್ ದೀ ಎಂದು ಕರೆಯುತ್ತಿದ್ದರು, ಎಂದರೆ ಕಪ್ಪು ಗ್ವ್ಲಾದಿಸ್. ಅವಳ ಮಗನ ವಂಶ ಮಾರ್ಟಿಮರ್ ಮನೆತನದ ಮೂಲಕ ಇಂಗ್ಲೆಂಡಿನ ನಾಲ್ಕನೆಯ ಎಡ್ವರ್ಡನವರೆಗೂ, ಅವನ ಮಗಳ ಮೂಲಕ ಇಂದಿನ ಅರಸನವರೆಗೂ ಹರಿದುಬಂದಿದೆ.

ಇಷ್ಟಾದರೂ ವೇಲ್ಸಿನ ಹೊರಗೆ ಈ ಹೆಸರು ಬಹುಕಾಲ ಯಾರಿಗೂ ಪರಿಚಯವಿರಲಿಲ್ಲ. 1870ರಲ್ಲಿ ಬಂದ ಒಂದು ಜನಪ್ರಿಯ ಇಂಗ್ಲಿಷ್ ಕಾದಂಬರಿಯ ಹುಡುಗಿಗೆ ಗ್ಲ್ಯಾಡಿಸ್ ಎಂದು ಹೆಸರಿತ್ತು. ಅಲ್ಲಿಂದ ಮುಂದಕ್ಕೆ ಲಂಡನ್ನಿನ ಮನೆಮನೆಯಲ್ಲಿ ಗ್ಲ್ಯಾಡಿಸ್ ಹುಟ್ಟತೊಡಗಿದಳು. ಹಡಗೇರಿ ಅಮೆರಿಕಕ್ಕೂ ಹೋದಳು: ಎಲ್ವಿಸ್ ಪ್ರೀಸ್ಲಿಯ ತಾಯಿ ಗ್ಲ್ಯಾಡಿಸ್, ಮರಿಲಿನ್ ಮನ್ರೋ ತಾಯಿಯೂ ಗ್ಲ್ಯಾಡಿಸ್. ಬ್ರಿಟಿಷರ ಕಾಲದಲ್ಲಿ ಕಾನ್ವೆಂಟುಗಳ ದಾರಿಯಾಗಿ ಹಿಲ್ಡಾ, ಡೋರಿಸ್, ಮೇಬಲ್ ಇವರ ಜೊತೆಗೆ ಮಂಗಳೂರಿಗೂ ಬಂದಳು. ನಿಮ್ಮ ಕೇರಿಯಲ್ಲಿ ಎಷ್ಟು ಜನ ವಿನಿಫ್ರೆಡ್ ಬಾಯಿಗಳಿದ್ದರು, ಎಣಿಸಿ ನೋಡು. ಅದೂ ಮೂಲದಲ್ಲಿ ವೆಲ್ಷ್ ಹೆಸರೇ, ಗ್ವೆನ್‌ವ್ರೇವಿ. ಅವಳ ಕಥೆ ಇನ್ನೂ ಘೋರ: ಬೇಡವೆಂದವಳ ತಲೆಯನ್ನು ಒಬ್ಬ ಅರಸುಮಗ ಕಡಿದ, ತಲೆ ಬಿದ್ದಲ್ಲಿ ಬುಗ್ಗೆ ಚಿಮ್ಮಿತು, ಸೋದರಮಾವ ಸಂತ ಬೈನೋ ತಲೆಯನ್ನು ಮತ್ತೆ ಜೋಡಿಸಿದ. ಉತ್ತರ ವೇಲ್ಸಿನ ಹೋಲಿವೆಲ್ ಊರಿನ ಆ ಬುಗ್ಗೆಯಲ್ಲಿ ಇಂದಿಗೂ ಯಾತ್ರಿಕರು ಮೀಯುತ್ತಾರೆ. ಪೋರ್ಚುಗೀಸರಿಂದ ಬಂದ ಮನೆತನದ ಹೆಸರು, ವೇಲ್ಸಿನ ಬೆಟ್ಟದಿಂದ ಇಳಿದ ಅಂಕಿತನಾಮ, ಕೊಂಕಣಿ ಮನೆಮಾತು, ಹೊಟ್ಟೆಪಾಡಿಗೆ ಕನ್ನಡ ಪಾಠ: ಇಷ್ಟೂ ನಿನ್ನ ತಾಯಿಯೊಬ್ಬರಲ್ಲಿ ಕೂಡಿಕೊಂಡಿತ್ತು. ಹಾಗೆ ಕೂಡಿಕೊಂಡಿದ್ದರಿಂದಲೇ ಕೇಶಿರಾಜನ ಸೂತ್ರವನ್ನು ಹೇಳುವಾಗಲೂ ಅವರ ದನಿಯಲ್ಲಿ ಇಗರ್ಜಿಯ ಹಾಡಿನ ಎಳೆತ ಕೇಳಿಸುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಿನ್ನ ಕೆಲಸ ಆಗುತ್ತಿತ್ತು. ಆದರೆ ಒಬ್ಬ ಗ್ವ್ಲಾದಿಸಳನ್ನು ನಾನು ಬೇಕೆಂದೇ ಹಿಂದಕ್ಕೆ ಇಟ್ಟಿದ್ದೆ. ಅಬರ್‌ಗವೆನಿ ಊರಿನ ಇಗರ್ಜಿಯೊಳಗೆ ಬಿಳಿಯ ಕಲ್ಲಿನಲ್ಲಿ ಕೊರೆದ ಗಂಡ ಹೆಂಡತಿಯರ ಸಮಾಧಿಯಿದೆ. 1454ರಲ್ಲಿ ತೀರಿಕೊಂಡ ಆ ಹೆಂಡತಿಯ ಹೆಸರೂ ಗ್ವ್ಲಾದಿಸ್. ಅವಳನ್ನು ಆ ಊರಿನ ನಕ್ಷತ್ರವೆಂದು ಕವಿಗಳು ಹೊಗಳಿದರು. ಅವಳ ತಂದೆ 1415ರ ಅಜಿನ್‌ಕೋರ್ಟ್ ಯುದ್ಧದಲ್ಲಿ ಮಡಿದ ವೀರ, ದಾವಿದ್ ಗಾಮ್. ‘ಕಾಮ್’ ಎಂದರೆ ಸೊಟ್ಟ, ಆದೇಶವಾಗಿ ಗಾಮ್. ಅವನ ಕಣ್ಣೋ ದೇಹವೋ ಸೊಟ್ಟಗಿದ್ದುದಕ್ಕೆ ಯಾರೋ ಇಟ್ಟ ಅಡ್ಡಹೆಸರು ಅದು. ಆರು ನೂರು ವರ್ಷ ಕಳೆದರೂ ಚರಿತ್ರೆಯ ಪುಸ್ತಕಗಳಲ್ಲಿ ಅವನು ಸೊಟ್ಟ ದಾವಿದನಾಗಿಯೇ ಉಳಿದಿದ್ದಾನೆ. ಆ ಸಮಾಧಿಯ ಮುಂದೆ ನಿಂತಾಗ ನನಗೆ ಕಾಲೂರಿ ನಿಲ್ಲಲಾಗಲಿ, ಹೊರಟು ಬರಲಾಗಲಿ ಆಗಲಿಲ್ಲ.

ಏಕೆಂದರೆ ಗ್ಲ್ಯಾಡಿಸ್ ಎಂಬ ಹೆಸರಿಗೆ ಇನ್ನೊಂದು ಅರ್ಥವಿದೆ. ಹೆಸರುಗಳ ಯಾವ ಪುಸ್ತಕ ತೆರೆದರೂ ನಿನ್ನ ಹೆಂಡತಿಗೆ ಮೊದಲು ಸಿಗುವುದು ಬಹುಶಃ ಅದೇ. ಗ್ವ್ಲಾದಿಸ್ ಎಂಬುದು ಲ್ಯಾಟಿನ್ನಿನ ಕ್ಲಾಡಿಯಾ ಎಂಬ ಹೆಸರಿನ ವೆಲ್ಷ್ ರೂಪವೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಸಂತ ಪೌಲ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಬರುವ ಕ್ಲಾಡಿಯಾ ಬ್ರಿಟನ್ನಿನವಳೇ ಆಗಿದ್ದಳೆಂದು ಹಳೆಯ ವಿದ್ವಾಂಸರು ಅಭಿಮಾನದಿಂದ ವಾದಿಸಿದರು. ಕ್ಲಾಡಿಯಾದ ಮೂಲ ‘ಕ್ಲಾಡಸ್’. ಕ್ಲಾಡಸ್ ಎಂದರೆ ಕುಂಟ. ಕ್ರಿ.ಶ. 43ರಲ್ಲಿ ಈ ದ್ವೀಪವನ್ನು ಗೆಲ್ಲಲು ಸೈನ್ಯ ಕಳುಹಿಸಿದ ರೋಮನ್ ಚಕ್ರವರ್ತಿ ಕ್ಲಾಡಿಯಸ್ ನಿಜವಾಗಿಯೂ ಕುಂಟುತ್ತಿದ್ದ.

ಆ ಪದವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದು ಹೇಳುತ್ತೇನೆ, ಹೇಳಲೇಬೇಕು.

ನಾವು ಏಳನೆಯ ತರಗತಿಯಲ್ಲಿದ್ದಾಗ ಮಳೆಗಾಲದಲ್ಲಿ ಟೀಚರ್ ಬಸ್ಸಿನಿಂದ ಇಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೂರು ತಿಂಗಳು ರಜೆಯ ಮೇಲಿದ್ದು ಮರಳಿ ಬಂದಾಗ ಅವರ ನಡಿಗೆ ಬದಲಾಗಿತ್ತು. ಊರುಗೋಲು ಹಿಡಿಯಲು ಮನಸ್ಸಾಗದೆ, ಉರಿಬಿಸಿಲಿನಲ್ಲೂ ಉದ್ದನೆಯ ಕಪ್ಪು ಕೊಡೆಯನ್ನು ಊರಿಕೊಂಡು ಬರುತ್ತಿದ್ದರು. ಆ ಕೊಡೆಯ ಮೊನೆ ಜಗಲಿಯ ಕೆಂಪು ಸಿಮೆಂಟಿನ ಮೇಲೆ ಬೀಳುವ ಸದ್ದು, ಅದರ ಹಿಂದೆ ಎಳೆದ ಹೆಜ್ಜೆಯ ಸದ್ದು, ಇವೆರಡೂ ತರಗತಿಗೆ ಮೊದಲು ಬರುತ್ತಿದ್ದವು, ಟೀಚರ್ ಆಮೇಲೆ. ಆ ಎರಡು ಸದ್ದುಗಳನ್ನು ಸೇರಿಸಿ ಮಾಡಿದ ಅಡ್ಡಹೆಸರು ಒಂದೇ ವಾರದಲ್ಲಿ ಇಡೀ ಶಾಲೆಗೆ ಹಬ್ಬಿತು. ಅದು ನಿನ್ನ ಕಿವಿಗೂ ಬಿತ್ತು. ಹಿಂದಿನ ಬೆಂಚಿನ ಹುಡುಗನೇ ಇಟ್ಟನೆಂದು ಯಾರೋ ಹೇಳಿದರು. ನೀನು ಅವನನ್ನು ನೀರಿನ ಟ್ಯಾಂಕಿನ ಹಿಂದೆ ಕೆಡವಿಕೊಂಡು ಹೊಡೆದೆ. ಅವನ ತುಟಿ ಹರಿಯಿತು. ಮುಖ್ಯೋಪಾಧ್ಯಾಯರು ಶಿಕ್ಷೆ ಕೊಟ್ಟಿದ್ದೂ ಅವನಿಗೇ. ಮೂರು ದಿನ ಅವನು ತರಗತಿಯ ಹೊರಗೆ ನಿಂತಿದ್ದ.

ಆ ಹೆಸರನ್ನು ಇಟ್ಟವನು ನಾನು.

ನೀರಿನ ಟ್ಯಾಂಕಿನ ಹತ್ತಿರ ನಿನ್ನ ಪುಸ್ತಕದ ಚೀಲ ಹಿಡಿದುಕೊಂಡು ನಿಂತಿದ್ದವನೂ ನಾನೇ. ಹಿಂದಿನ ಬೆಂಚಿನವನಿಗೆ ನಿಜ ಗೊತ್ತಿತ್ತು. ಹೊಡೆತ ತಿನ್ನುತ್ತಲೇ ನನ್ನ ಕಡೆ ಒಮ್ಮೆ ನೋಡಿದ, ಬಾಯಿ ಬಿಡಲಿಲ್ಲ. ಈಗ ಅವನು ಮಲ್ಪೆಯಲ್ಲಿ ಬೋಟು ಇಟ್ಟಿದ್ದಾನೆ, ಈ ಪತ್ರವನ್ನು ಓದುತ್ತಾನೆ. ನಾಲ್ಕು ಜನರೆದುರು ಅವನ ಮೇಲೆ ಹೊರಿಸಿದ ತಪ್ಪನ್ನು ನಿನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿ ಇಳಿಸುವುದು ಸರಿಯೆನಿಸಲಿಲ್ಲ. ಅದಕ್ಕೇ ಇದನ್ನು ಬಯಲಿನಲ್ಲಿ ಬರೆಯುತ್ತಿದ್ದೇನೆ.

ಟೀಚರಿಗೂ ಗೊತ್ತಿತ್ತು. ಮರುವರ್ಷ ನಾಮಪದದ ಪಾಠ ಬಂತು: ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ರೂಪ, ಗುಣ, ವೃತ್ತಿಗಳನ್ನು ನೋಡಿ ಇಟ್ಟ ಹೆಸರು ಅನ್ವರ್ಥನಾಮ. ಅದಕ್ಕೆ ವ್ಯಾಕರಣ ಪುಸ್ತಕ ಕೊಡುವ ಉದಾಹರಣೆಗಳು ನಿನಗೂ ಬಾಯಿಪಾಠ: ವ್ಯಾಪಾರಿ, ಜಾಣ, ಕಿವುಡ, ಕುಂಟ. ಅವರು ಕೊನೆಯ ಪದವನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಕೊಡೆಯನ್ನು ಮೇಜಿಗೆ ಒರಗಿಸಿ, ಹಲಗೆಯ ಮೇಲೆ ತಮ್ಮ ಗುಂಡಗಿನ ಅಕ್ಷರಗಳಲ್ಲಿ ‘ಕುಂಟ’ ಎಂದು ಬರೆದರು. ಹಿಂದೆ ಯಾರೋ ಕಿಸಕ್ಕೆಂದರು. ಟೀಚರ್ ತಿರುಗಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

“ಗ್ಲ್ಯಾಡಿಸ್ ಎಂಬುದು ಯಾವ ನಾಮ?” ಎಂದು ಕೇಳಿದರು.

“ಅಂಕಿತನಾಮ, ಟೀಚರ್.”

“ಅದರ ಅರ್ಥ ಗೊತ್ತುಂಟಾ?”

“ಇಲ್ಲ, ಟೀಚರ್.”

“ನನಗೂ ಗೊತ್ತಿಲ್ಲ. ಅಪ್ಪ ಇಟ್ಟರು, ಇಟ್ಟುಕೊಂಡೆ. ನಿನಗೆ ಯಾವತ್ತಾದರೂ ಗೊತ್ತಾದರೆ ನನಗೆ ಹೇಳು.”

ಅಷ್ಟೇ. ಕೂತುಕೋ ಎಂದರು. ಆ ವರ್ಷ ಕನ್ನಡದಲ್ಲಿ ಅತಿ ಹೆಚ್ಚು ಅಂಕ ಕೊಟ್ಟದ್ದು ನನಗೇ. ಮೊಂತಿ ಹಬ್ಬದ ದಿನ ನಿನ್ನ ಕೈಯಲ್ಲಿ ನನಗೆಂದು ಕಬ್ಬಿನ ತುಂಡನ್ನೂ ಕಳುಹಿಸಿದರು, ಪ್ರತಿ ವರ್ಷದಂತೆ. ಆ ಕಬ್ಬನ್ನು ನಾನು ತಿನ್ನಲಿಲ್ಲ. ಮನೆಯ ಹಿಂದಿನ ತೋಡಿಗೆ ಎಸೆದೆ.

ಹೋದ ವರ್ಷದ ಹಿಂದಿನ ವರ್ಷ ಅವರು ತೀರಿಕೊಂಡಾಗ ರಜೆ ಸಿಗಲಿಲ್ಲವೆಂದು ನಿನಗೆ ಹೇಳಿದ್ದೆ. ಕೇಳಿದ್ದರೆ ಸಿಗುತ್ತಿತ್ತು.

ಈಗ ನನ್ನನ್ನು ಕಾಡುತ್ತಿರುವುದು ಇದು. ನಿನ್ನ ಮಗಳ ಹೆಸರಿಗೆಂದು ಬೆಟ್ಟ ಹತ್ತಿದೆ, ಸಮಾಧಿ ನೋಡಿದೆ, ಪುಸ್ತಕ ತೆರೆದೆ ಎಂದುಕೊಂಡಿದ್ದೆ. ‘ನಾಡನ್ನಾಳುವವಳು’ ಎಂಬ ಅರ್ಥ ಸಿಕ್ಕಿದಾಗ ನನಗಾದ ಸಂತೋಷ ಮಿತಿಮೀರಿದ್ದನ್ನು ಕಂಡು ನನಗೇ ಸಂಶಯ ಬಂತು. ಆ ಅರ್ಥ ಗೆದ್ದರೆ, ಎಂಟನೆಯ ತರಗತಿಯ ಆ ಹಲಗೆಯ ಮೇಲೆ ಬರೆದ ಪದ ಅಳಿಸಿಹೋಗುತ್ತದೆಂದು ನಾನು ಲೆಕ್ಕ ಹಾಕುತ್ತಿದ್ದೆ. ‘ಕುಂಟ’ ಎಂಬ ಅರ್ಥವನ್ನು ನಿನ್ನಿಂದ ಮುಚ್ಚಿಡಲು ಎರಡು ದಿನ ಯೋಚಿಸಿದೆ ಕೂಡ. ಆಮೇಲೆ ಅನ್ನಿಸಿತು: ಟೀಚರ್ ಹಲಗೆಯ ಮೇಲೆ ಬರೆಯಲು ಹೆದರದ ಪದವನ್ನು ನಾನು ಅವರ ಮಗನಿಗೆ ಹೇಳಲು ಹೆದರಿದರೆ, ಅವರು ಕೊಟ್ಟ ಅಂಕಗಳಿಗೆ ಏನು ಅರ್ಥ?

ಆದ್ದರಿಂದ ಎರಡನ್ನೂ ಕೊಡುತ್ತಿದ್ದೇನೆ. ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ನನ್ನ ಮಟ್ಟಿಗೆ, ಟೀಚರ್ ಕಲಿಸಿದ ವ್ಯಾಕರಣದಿಂದಲೇ ಒಂದು ಮಾತು ಹೇಳಬಲ್ಲೆ: ಆದೇಶದಿಂದ ‘ಕ್ಲ’ ಎಂಬುದು ‘ಗ್ಲ’ ಆಗಬಹುದು, ಆದರೆ ಗಕಾರಕ್ಕೂ ಲಕಾರಕ್ಕೂ ನಡುವೆ ಗಟ್ಟಿಯಾಗಿ ಕೂತಿರುವ ಆ ವಕಾರ ಕ್ಲಾಡಿಯಾದಿಂದ ಬರಲು ದಾರಿ ಕಾಣುವುದಿಲ್ಲ. ‘ಗ್ವ್ಲಾದ್’ ಎಂಬ ಪದದಲ್ಲಿ ಅದು ಮೊದಲಿನಿಂದಲೂ ಇದೆ. ಇಂಗ್ಲಿಷರು ಬೀಳಿಸಿದ ಅಕ್ಷರವೇ ಇಲ್ಲಿ ಸಾಕ್ಷಿ. ಈ ವಾದವನ್ನು ನಾನು ಹೇಳುತ್ತಿರುವುದು ನನಗೆ ಬೇಕಾದ ಅರ್ಥದ ಪರವಾಗಿ ಎಂಬುದನ್ನೂ ನಿನ್ನ ಮುಂದೆ ಇಟ್ಟಿದ್ದೇನೆ. ತೂಗಿ ನೋಡುವುದು ನಿನಗೆ ಬಿಟ್ಟದ್ದು. ನಿನ್ನ ಹೆಂಡತಿಗೂ ಎರಡನ್ನೂ ಓದಿ ಹೇಳು. ಮಾತುಕತೆಯಲ್ಲಿ ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಅದು ಮಗುವಿನ ಹೆಸರಿಗೆ ತಾಗದಿರಲಿ.

ಇಷ್ಟು ಬರೆಯಬೇಕೆಂದು ಕೂತಿರಲಿಲ್ಲ. ಮೇಲೆ ಹೋಗಿ ಒಂದೆರಡು ಸಾಲು ಅಳಿಸೋಣವೆಂದು ನೋಡಿದೆ. ಯಾವುದನ್ನು ತೆಗೆದರೂ ಮಿಕ್ಕದ್ದು ನಿಲ್ಲುವುದಿಲ್ಲ. ಇರಲಿ.

ಮಗುವಿನ ಪಟ ನೋಡಿದೆ. ಕಿವಿ ನಿನ್ನದು, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ; ಹುಬ್ಬು ಮಾತ್ರ ಪೂರ್ತಿ ಟೀಚರದೇ, ಮನೆಗೆಲಸ ಮಾಡಿಲ್ಲವೆಂದಾಗ ಏರುತ್ತಿದ್ದ ಅದೇ ಹುಬ್ಬು. ಇಲ್ಲಿಯವರು ಕಾವಲಿಯ ಮೇಲೆ ಸುಡುವ ಒಣದ್ರಾಕ್ಷಿಯ ಸಣ್ಣ ರೊಟ್ಟಿಗಳನ್ನು ಒಂದು ಡಬ್ಬದಲ್ಲಿ ಕಳುಹಿಸುತ್ತಿದ್ದೇನೆ. ಬದಲಿಗೆ ಕ್ರಿಸ್‌ಮಸ್ಸಿಗೆ ಕುಸ್ವಾರ್ ಬರಬೇಕು, ನೆವ್ರಿ ಹೆಚ್ಚು, ಗುಳಿಯೊ ಕಡಿಮೆ. ಹಲಸಿನ ಹಣ್ಣಿನ ವಿಷಯವನ್ನು ಮಲ್ಪೆಯವನು ಎತ್ತಿದರೆ ನಾನು ಜವಾಬ್ದಾರನಲ್ಲ.

ಜ್ಞಾನಸ್ನಾನದ ದಿನ ಹೆಸರನ್ನು ಕನ್ನಡದಲ್ಲಿಯೂ ಒಂದು ಹಾಳೆಯ ಮೇಲೆ ಬರೆದು ತೊಟ್ಟಿಲ ಹತ್ತಿರ ಇಡು. ಗ್ಲ್ಯಾಡಿಸ್ ಎಂದೋ ಗ್ವ್ಲಾದಿಸ್ ಎಂದೋ ನೀವಿಬ್ಬರೇ ತೀರ್ಮಾನಿಸಿ. ನಿನ್ನ ಅಕ್ಷರ ಹತ್ತನೆಯ ತರಗತಿಯಲ್ಲಿದ್ದಂತೆಯೇ ಇದ್ದರೆ ದಯವಿಟ್ಟು ಬೇರೆಯವರ ಕೈಯಲ್ಲಿ ಬರೆಸು; ವಕಾರದ ಒತ್ತು ಲಕಾರದ ಒತ್ತಿಗಿಂತ ಮೊದಲು ಬರಬೇಕು.

ನಿನ್ನ,
ಎರಡನೆಯ ಬೆಂಚಿನವ